ಮಜ್ಜಿಗೆ ಸುರಿದಾಗ ಮೂಡಿದ ತೆನೆ: ಒಂದು ಗಾಜಿನ ಬಣ್ಣದ ಡಬ್ಬಿ, ಇಪ್ಪತ್ತನಾಲ್ಕು ಲೋಟ

ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಗಾಜಿನ ಲೋಟಗಳಿಗೆ ಹಚ್ಚಲು ಕೊಂಡ ಬಣ್ಣದ ಡಬ್ಬಿಯ ವಿಮರ್ಶೆ ಇದು. ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಣ್ಣ ಒಳ್ಳೆಯದು, ಡಬ್ಬಿಯ ಮೇಲೆ ಬರೆದದ್ದು ಅರ್ಧ ನಿಜ, ಮಾರಿದವರು ಹೇಳಿದ್ದು ಪೂರ್ತಿ ಸುಳ್ಳು. ಪುರುಸೊತ್ತಿದ್ದವರು ಮುಂದೆ ಓದಿ. ನಾಲ್ಕು ಲೋಟ ಹಾಳು ಮಾಡಿ, ಎರಡು ರಾತ್ರಿಯ ನಿದ್ದೆ ಬಿಟ್ಟು ಕಲಿತದ್ದೆಲ್ಲ ಇಲ್ಲಿದೆ.

ನಾನು ಕೊಪ್ಪಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಮಾಡುತ್ತಿದ್ದೇನೆ. ನಮ್ಮ ಕಡೆ ಕುಬಸ ಎಂದರೆ ರವಿಕೆ. ಬಸುರಿಗೆ ಏಳನೆಯ ತಿಂಗಳಲ್ಲಿ ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯಕ್ಕೂ ಕುಬಸ ಎಂದೇ ಹೆಸರು. ಊರಿನ ಎಷ್ಟೋ ಹೆಣ್ಣುಮಕ್ಕಳ ಕುಬಸಕ್ಕೆ ಕುಬಸ ಹೊಲಿದುಕೊಟ್ಟ ನನಗೆ ಸ್ವಂತ ಮಗಳ ಸರದಿ ಬಂದಾಗ ಕೈ ಸುಮ್ಮನೆ ಕೂರಲಿಲ್ಲ. ಬೀಗರು ಗಂಗಾವತಿಯವರು, ಅಚ್ಚುಕಟ್ಟಿನ ಜನ. ಕುಬಸದ ಹಿಂದಿನ ತಿಂಗಳಷ್ಟೇ ನಾನು ಹೋಗಿದ್ದ ಒಂದು ಮದುವೆಯಲ್ಲಿ ಕಾಗದದ ಲೋಟದಲ್ಲಿ ಪಾನಕ ಕೊಟ್ಟಿದ್ದರು. ತಳ ನೆನೆದು ನನ್ನ ರೇಷ್ಮೆ ಸೀರೆಯ ಮಡಿಲಿಗೆ ಬೆಲ್ಲದ ನೀರು ಇಳಿದಿತ್ತು. ನಮ್ಮ ಮನೆಯಲ್ಲಿ ಆ ಲೋಟ ಬೇಡವೇ ಬೇಡ ಎಂದು ಅಂದೇ ನಿಶ್ಚಯಿಸಿದ್ದೆ. ಸ್ಟೀಲಿನ ಲೋಟಗಳು ಮನೆಯಲ್ಲಿವೆ, ಆದರೆ ಒಂದೊಂದರ ಮೇಲೆ ಒಂದೊಂದು ಹೆಸರು ಕೆತ್ತಿದೆ. ಅರ್ಧ ನಮ್ಮತ್ತೆಯ ತವರಿನವು, ಮಿಕ್ಕವು ಯಾರು ಯಾವಾಗ ಬಿಟ್ಟುಹೋದದ್ದೋ.

ಮಗಳು ಮೊಬೈಲ್‌ನಲ್ಲಿ ಬಣ್ಣ ಬಳಿದ ಗಾಜಿನ ಲೋಟಗಳ ಚಿತ್ರ ತೋರಿಸಿದಳು. ತರಿಸಿದರೆ ಒಂದಕ್ಕೆ ಇನ್ನೂರ ಎಂಬತ್ತು ರೂಪಾಯಿ. ಪಾತ್ರೆ ಅಂಗಡಿಯಲ್ಲಿ ಬರಿಯ ಲೋಟ ಆರಕ್ಕೆ ನೂರ ಐವತ್ತು. ಮೂವತ್ತು ಲೋಟ ತಂದೆ. ಬೇಕಾದದ್ದು ಇಪ್ಪತ್ತನಾಲ್ಕು, ಉಳಿದದ್ದು ನನ್ನ ತಪ್ಪುಗಳಿಗೆ. ಬಟ್ಟೆಯಾದರೂ ಲೋಟವಾದರೂ ತಪ್ಪಿಗೆ ಒಂದಿಷ್ಟು ಹೆಚ್ಚು ತರುವುದು ನನ್ನ ಪದ್ಧತಿ.

ಈಗ ಡಬ್ಬಿಯ ವಿಷಯ. ಜವಾಹರ ರಸ್ತೆಯ ಸುತ್ತ ನಾಲ್ಕು ಸ್ಟೇಷನರಿ ಅಂಗಡಿ ತಿರುಗಿದ ಮೇಲೆ ಒಂದರಲ್ಲಿ ಸಿಕ್ಕಿತು: ಹತ್ತು ಬಣ್ಣದ ಪುಟ್ಟ ಶೀಷೆಗಳು, ಗೆರೆ ಎಳೆಯಲು ಕಪ್ಪು ಮತ್ತು ಬಂಗಾರದ ಬಣ್ಣದ ಎರಡು ಲೈನರ್ ಟ್ಯೂಬ್, ಆರುನೂರ ಇಪ್ಪತ್ತು ರೂಪಾಯಿ. ಶಾಲೆಯ ದಿನಗಳಿಂದ ನಾವು ಬಲ್ಲ ದೊಡ್ಡ ಕಂಪನಿಗಳದ್ದಲ್ಲ. ಹೆಸರು ಬರೆಯುವುದಿಲ್ಲ, ಅಂಗಡಿಯದ್ದೂ ಬರೆಯುವುದಿಲ್ಲ, ನಾಳೆಯೂ ನಾನು ಅದೇ ರಸ್ತೆಯಲ್ಲಿ ನೂಲು, ಗುಂಡಿ ಕೊಳ್ಳಬೇಕಾದವಳು. ಗಾಜಿನ ಬಣ್ಣದಲ್ಲಿ ಎರಡು ಜಾತಿ. ಒಂದು ಥಿನ್ನರ್‌ನಲ್ಲಿ ಕರಗುವಂಥದ್ದು, ಹೊಳಪು ಹೆಚ್ಚು, ಆದರೆ ಮನೆ ತುಂಬ ಪೆಟ್ರೋಲ್ ಬಂಕಿನ ವಾಸನೆ. ಇನ್ನೊಂದು ನೀರಿನಲ್ಲಿ ಕರಗುವಂಥದ್ದು. ಏಳು ತಿಂಗಳ ಬಸುರಿ ಇರುವ ಮನೆಯಲ್ಲಿ ಮೊದಲನೆಯದರ ಮಾತೇ ಇಲ್ಲ. ನನ್ನದು ನೀರಿನ ಬಣ್ಣ. ಕುಂಚವನ್ನು ನಲ್ಲಿಯ ಕೆಳಗೆ ತೊಳೆದರೆ ಸಾಕು, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

"ಹಚ್ಚಿ, ಒಣಗಿಸಿ, ಅಷ್ಟೇ ಅಕ್ಕಾವರೇ. ತಿಕ್ಕಿ ತೊಳೆದರೂ ಹೋಗುವುದಿಲ್ಲ" ಎಂದಿದ್ದರು ಅಂಗಡಿಯಲ್ಲಿ. ನಂಬಿದೆ. ಮೂರು ಲೋಟ ತೊಳೆದು ಒರೆಸಿ, ಒಂದಕ್ಕೆ ನವಿಲು, ಒಂದಕ್ಕೆ ಬಳ್ಳಿ, ಒಂದಕ್ಕೆ ಬಾಳೆಕಂಬ ಬರೆದೆ. ಹಚ್ಚುವಾಗ ಬಣ್ಣ ಹಾಲು ಬೆರೆಸಿದಂತೆ ಮಬ್ಬಾಗಿತ್ತು. ಕೆಟ್ಟ ಮಾಲು ಎಂದು ಬೈದುಕೊಂಡೆ. ಬೆಳಗ್ಗೆ ನೋಡಿದರೆ ಮಬ್ಬು ಹೋಗಿ ಬಳೆಯ ಗಾಜಿನಂತೆ ತಿಳಿಯಾಗಿತ್ತು. ಕೆಲವು ಕಡೆ ಮಾತ್ರ ಬಣ್ಣ ಹನಿಹನಿಯಾಗಿ ಹಿಂಜರಿದು ನಿಂತಿತ್ತು, ಎಣ್ಣೆ ಹಚ್ಚಿದ ತವೆಯ ಮೇಲೆ ನೀರು ನಿಂತಂತೆ. ಎರಡು ದಿನ ಬಿಟ್ಟು ತಣ್ಣನೆಯ ನೀರು ತುಂಬಿಸಿ ನೋಡಿದೆ. ಲೋಟದ ಹೊರಗೆ ಬೆವರು ಮೂಡಿತು. ಆಮೇಲೆ ತೊಳೆಯಲು ಕೈ ಹಾಕಿದೆ. ನವಿಲಿನ ಕುತ್ತಿಗೆ ಇಡಿಯಾಗಿ, ಪೊರೆ ಬಿಟ್ಟಂತೆ, ಹೆಬ್ಬೆರಳಿಗೆ ಅಂಟಿಕೊಂಡು ಬಂತು.

ಆಗ ಡಬ್ಬಿಯನ್ನು ಹರಿದು ಹುಡುಕಿದೆ. ರಟ್ಟಿನ ಒಳಮಗ್ಗುಲಲ್ಲಿ, ಶೀಷೆಗಳನ್ನು ಕೂರಿಸಿದ ತಟ್ಟೆಯ ಅಡಿಯಲ್ಲಿ, ಸೂಜಿಯ ಮೊನೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿದ್ದರು. ಮಗಳು ಓದಿ ಹೇಳಿದಳು: 24 ಗಂಟೆ ಒಣಗಿಸಿ, ಆಮೇಲೆ ಒವನ್‌ನಲ್ಲಿ 160 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ. ಡಬ್ಬಿಯ ಮುಖದ ಮೇಲೆ ದೊಡ್ಡದಾಗಿ "ತೊಳೆಯಬಹುದು" ಎಂದು ಹಾಕಿ, ಬೇಯಿಸಬೇಕು ಎಂಬುದನ್ನು ಹೊಟ್ಟೆಯೊಳಗೆ ಬಚ್ಚಿಟ್ಟಿದ್ದಾರೆ. ಕೊಪ್ಪಳದ ಮಾರ್ಚ್ ಬಿಸಿಲಿಗೆ ಮಾಳಿಗೆಯ ಮೇಲೆ ಹಪ್ಪಳವೇ ಸುಟ್ಟುಹೋಗುತ್ತದೆ, ಲೋಟ ಇಟ್ಟರೆ ಸಾಲದೇ ಎಂದು ನಮ್ಮವರು ಕೇಳಿದರು. ಸಾಲುವುದಿಲ್ಲ. ನಮ್ಮ ಬಿಸಿಲು ಎಷ್ಟೇ ಉರಿದರೂ ನಲವತ್ತರ ಆಚೀಚೆ. ನೂರ ಅರವತ್ತು ಎಂದರೆ ಒಲೆಯ ಮಾತು.

ಗಾಜಿಗೆ ಬಣ್ಣ ಯಾಕೆ ಹಿಡಿಯುವುದಿಲ್ಲ ಎಂಬುದು ನನಗೆ ಹೊಳೆದದ್ದು ಮನೆಯ ಷೋಕೇಸಿನಲ್ಲಿರುವ ಕಿನ್ನಾಳದ ಗೌರಿಯನ್ನು ನೋಡಿದಾಗ. ಕಿನ್ನಾಳ ನಮ್ಮ ಪಕ್ಕದ ಊರು. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟು ಹಚ್ಚಿ, ಅದಕ್ಕೆ ಬಟ್ಟೆ ಕೂರಿಸಿ, ಮೇಲೆ ಬಿಳಿ ಕಲ್ಲಿನ ಪುಡಿಯ ಸರಿ ಬಳಿದು, ಹೀಗೆ ನೆಲ ಸಿದ್ಧ ಮಾಡಿಕೊಂಡ ಮೇಲೆಯೇ ಬಣ್ಣ. ಗೌರಿಯ ಕೊರಳ ಸರವನ್ನು ಬೆರಳಾಡಿಸಿದರೆ ತಿಳಿಯುವಂತೆ ಉಬ್ಬಿಸಿರುವುದೂ ಅಂಥದ್ದೇ ಸರಿಯಿಂದ. ಗಾಜಿಗೆ ಇಂಥ ನೆಲವೇ ಇಲ್ಲ. ಬಣ್ಣ ಅದರೊಳಗೆ ಇಳಿಯುವುದಿಲ್ಲ, ಮೇಲೆ ನಿಂತಿರುತ್ತದೆ ಅಷ್ಟೇ. ನಡುವೆ ಬೆರಳಿನ ಜಿಡ್ಡು ಇದ್ದರೆ ಅದೂ ಇಲ್ಲ. ಆದ್ದರಿಂದ ಎರಡನೆಯ ಸಲ ಲೋಟಗಳನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೆಡಿಕಲ್ ಅಂಗಡಿಯಿಂದ ತಂದ ಸ್ಪಿರಿಟ್ಟನ್ನು ಹತ್ತಿಗೆ ಅದ್ದಿ ಹೊರಮೈಯನ್ನೆಲ್ಲ ಒರೆಸಿದೆ. ಅಲ್ಲಿಂದ ಮುಂದೆ ಲೋಟದ ಮೈ ಮುಟ್ಟಲಿಲ್ಲ, ಒಳಗೆ ಎರಡು ಬೆರಳು ಹಾಕಿ ಹಿಡಿದೆ. ಹನಿಗಟ್ಟುವುದು ನಿಂತಿತು. ಇಷ್ಟು ಸಣ್ಣ ಮಾತನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನವಿಲು, ಬಳ್ಳಿ ಎಲ್ಲ ಕೈಬಿಟ್ಟೆ. ಮಗಳಿಗೆ ಉಡಿಸಲು ತಂದಿದ್ದ ಸೀರೆ ಇಳಕಲ್ಲಿನದು. ಕುಷ್ಟಗಿ ದಾಟಿದರೆ ಇಳಕಲ್. ಆ ಸೀರೆಯ ಒಡಲು ಹಸಿರು, ಸೆರಗು ಕೆಂಪು, ಕೆಂಪಿನ ಮೇಲೆ ಸಾಲು ಗೋಪುರದಂತೆ ಏಳುವ ಬಿಳಿಯ ತೆನೆ. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸುತ್ತಾರೆ, ಆ ಸೇರುವೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಆ ತೆನೆಯನ್ನೇ ಲೋಟಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಲೋಟದ ಸುತ್ತಳತೆ ಟೇಪಿನಲ್ಲಿ ಇಪ್ಪತ್ತೊಂದು ಸೆಂಟಿಮೀಟರ್ ಬಂತು. ಏಳು ತೆನೆ, ಒಂದಕ್ಕೆ ಮೂರು. ರವಿಕೆ ಕತ್ತರಿಸುವ ಕಾಗದದ ಮೇಲೆ ಪಟ್ಟಿ ಬರೆದು, ಸುರುಳಿ ಮಾಡಿ ಲೋಟದೊಳಗೆ ಇಳಿಬಿಟ್ಟೆ. ಗೆರೆ ಹೊರಗೆ ಕಾಣುತ್ತದೆ, ಅದರ ಮೇಲೆ ಲೈನರ್ ಓಡಿಸಿದರಾಯಿತು. ಒಂದು ಮಾತು: ನೆಟ್ಟಗಿನ ಲೋಟವನ್ನೇ ಕೊಳ್ಳಿ. ತಳ ಕಿರಿದಾದ ಲೋಟಕ್ಕೆ ನೇರ ಪಟ್ಟಿ ಕೂರುವುದಿಲ್ಲ, ಅಂಬ್ರೆಲಾ ಲಂಗಕ್ಕೆ ಕತ್ತರಿಸಿದಂತೆ ಬಾಗಿಸಿ ಕತ್ತರಿಸಬೇಕಾಗುತ್ತದೆ.

ಈ ಡಬ್ಬಿಯಲ್ಲಿ ನಿಜವಾಗಿ ಹಣಕ್ಕೆ ತಕ್ಕ ವಸ್ತು ಎಂದರೆ ಬಂಗಾರದ ಲೈನರ್. ತುದಿ ಸಣ್ಣದು, ಹಿಂಡಿದಷ್ಟೇ ಬರುತ್ತದೆ, ಗೆರೆ ಉಬ್ಬಿ ನಿಲ್ಲುತ್ತದೆ, ಥೇಟ್ ಗೌರಿಯ ಸರದಂತೆ. ಆ ಉಬ್ಬೇ ಬಣ್ಣ ಹರಿಯದಂತೆ ತಡೆಯುವ ಬದು. ಕೆಲಸ ನಿಲ್ಲಿಸಿದಾಗ ತುದಿಗೆ ಗುಂಡುಪಿನ್ನು ಚುಚ್ಚಿಡಬೇಕು, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಕಪ್ಪು ಲೈನರ್ ಮಾತ್ರ ಕೆಲಸಕ್ಕೆ ಬಾರದು, ಮೊದಲ ದಿನವೇ ತುದಿಯಲ್ಲಿ ಸೀಳಿ ಗೆರೆಯ ಬದಲು ಗೊಣ್ಣೆ ಸುರಿಸಿತು.

ಲೋಟ ದುಂಡಗಿರುವುದರಿಂದ ನಿಲ್ಲಿಸಿ ಬಣ್ಣ ತುಂಬಿದರೆ ಕೆಳಗೆ ಜಾರುತ್ತದೆ, ಮಲಗಿಸಿದರೆ ಉರುಳುತ್ತದೆ. ನಮ್ಮತ್ತೆ ಮೊರದಲ್ಲಿ ಎರಡು ಸೇರು ಜೋಳ ಹರಡಿ ಕೊಟ್ಟರು. ಲೋಟವನ್ನು ಜೋಳದಲ್ಲಿ ಸ್ವಲ್ಪ ಒತ್ತಿದರೆ ಅಲುಗದೆ ಮಲಗುತ್ತದೆ. ಒಂದು ಮಗ್ಗುಲು ಮುಗಿಸಿ, ಅದು ಅಂಟದಷ್ಟು ಒಣಗಿದ ಮೇಲೆ ಹೊರಳಿಸಿ ಇನ್ನೊಂದು. ಯಾವ ಅಂಗಡಿಯಲ್ಲೂ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಒಂದೇ ಒಂದು ಲೋಟದಲ್ಲಿ ಅವಸರ ಮಾಡಿದೆ. ಹಸಿ ಬಂಗಾರದ ಗೆರೆಗೆ ಜೋಳದ ಕಾಳೊಂದು ಹತ್ತಿಕೊಂಡಿತು. ಕಿತ್ತ ಮೇಲೆ ಅಲ್ಲಿ ಕಾಳಿನ ಅಚ್ಚು ಉಳಿಯಿತು. ಅಳಿಸಲು ಹೋದರೆ ಮಗಳು ಬಿಡಲಿಲ್ಲ. "ಅವ್ವ, ಅದು ಇರಲಿ, ಅದೇ ನನ್ನ ಲೋಟ" ಎಂದು ತೆಗೆದಿಟ್ಟುಕೊಂಡಳು.

ಬಾಯಂಚಿನಿಂದ ಎರಡು ಬೆರಳಗಲ ಬಿಟ್ಟೇ ಬರೆದೆ. ಒಳಗಂತೂ ಒಂದು ಚುಕ್ಕಿಯೂ ಇಲ್ಲ. ಡಬ್ಬಿಯ ಮೇಲೆ ವಿಷವಿಲ್ಲ ಎಂದು ಬರೆದಿರುತ್ತಾರೆ, ಅದರರ್ಥ ಮಕ್ಕಳ ಕೈಗೆ ಹತ್ತಿದರೆ ಭಯವಿಲ್ಲ ಎಂದು. ತುಟಿಗೆ, ಆಹಾರಕ್ಕೆ ತಾಗಬಹುದು ಎಂದಲ್ಲ. ನಮ್ಮ ಹಿರಿಯರು ಲೋಟ ಎತ್ತಿ ಕುಡಿಯುವವರು, ಅವರಿಗೆ ಅಂಚು ತಾಗುವುದೇ ಇಲ್ಲ. ಮಕ್ಕಳು ಮಾತ್ರ ಅಂಚನ್ನು ಕಚ್ಚಿಕೊಂಡೇ ಕುಡಿಯುತ್ತವೆ.

ಕೆಂಪು ಹದಿಮೂರನೆಯ ಲೋಟಕ್ಕೆ ಮುಗಿಯಿತು. ಹತ್ತೂ ಬಣ್ಣ ಒಂದೇ ಅಳತೆಯ ಶೀಷೆಯಲ್ಲಿ ಕೊಡುತ್ತಾರೆ. ಕಂದು, ನೇರಳೆಗಳನ್ನು ಯಾರು ಎಲ್ಲಿಗೆ ಹಚ್ಚಬೇಕೋ ದೇವರೇ ಬಲ್ಲ. ಬಿಡಿ ಶೀಷೆ ಇಲ್ಲ ಎಂದರು. ಇನ್ನೊಂದು ಇಡೀ ಡಬ್ಬಿ ಕೊಳ್ಳಬೇಕಾಯಿತು, ಮತ್ತೆ ಆರುನೂರ ಇಪ್ಪತ್ತು. ಹಾಗೆ ಲೆಕ್ಕ ಹಾಕಿದರೆ ಲೋಟವೊಂದಕ್ಕೆ ಬಣ್ಣಕ್ಕೇ ಐವತ್ತೆರಡು ರೂಪಾಯಿ ಬಿತ್ತು.

ಬೇಯಿಸಲು ನಮ್ಮಲ್ಲಿ ಒವನ್ ಇಲ್ಲ. ಹಿಂದಿನ ಓಣಿಯಲ್ಲಿ ಕೇಕ್ ಮಾಡಿ ಮಾರುವ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಎರಡು ರವಿಕೆ ಬಿಟ್ಟಿ ಹೊಲಿದುಕೊಡುವ ಮಾತಿನ ಮೇಲೆ ಒವನ್ ಎರಡು ದಿನ ನನ್ನದಾಯಿತು. ಒಂದು ಸರದಿಗೆ ಆರು ಲೋಟ. ಲೋಟವನ್ನು ತಣ್ಣಗಿರುವ ಒವನ್‌ನಲ್ಲೇ ಇಟ್ಟು ಬಿಸಿ ಏರಿಸಬೇಕು, 160 ಮುಟ್ಟಿದ ಮೇಲೆ 40 ನಿಮಿಷ ಎಣಿಸಬೇಕು, ಆರಿಸಿದ ಮೇಲೆ ಬಾಗಿಲು ತೆಗೆಯದೆ ಒಳಗೇ ತಣಿಯಬಿಡಬೇಕು. ಮೊದಲ ಸರದಿಯಲ್ಲಿ ನನಗೆ ತಾಳ್ಮೆ ಇರಲಿಲ್ಲ. ಇನ್ನೂ ಸುಡುತ್ತಿದ್ದ ಲೋಟವನ್ನು ಬಟ್ಟೆಯಲ್ಲಿ ಹಿಡಿದು ಅಡುಗೆಕಟ್ಟೆಯ ಮೇಲಿಟ್ಟೆ. ಕಟ್ಟೆ ಒದ್ದೆಯಾಗಿತ್ತು. ಟಣ್ ಎಂದಿತು, ತಳ ಬಿಲ್ಲೆಯಂತೆ ಕಳಚಿ ಬಿತ್ತು. ಮೂರನೆಯ ಸರದಿಗೆ ಇಪ್ಪತ್ತೈದು ನಿಮಿಷವಾದಾಗ ಕರೆಂಟ್ ಹೋಯಿತು. ಎಲ್ಲ ಹಾಳಾಯಿತು ಎಂದುಕೊಂಡೆ, ಆದರೆ ಮರುದಿನ ತಣ್ಣಗಿನಿಂದ ಮತ್ತೆ ಮೊದಲಿಟ್ಟು ಪೂರ್ತಿ ಬೇಯಿಸಿದೆ, ಬಣ್ಣಕ್ಕೆ ಏನೂ ಆಗಲಿಲ್ಲ. ಕಾಯುವ ಸರಳಿಗೆ ತೀರ ಹತ್ತಿರ ಇಟ್ಟ ಒಂದು ಲೋಟದ ಹಸಿರು ಚುಕ್ಕಿಗಳು ಮಾತ್ರ ಸುಟ್ಟ ಮೆಂತ್ಯದ ಬಣ್ಣಕ್ಕೆ ತಿರುಗಿದವು.

ಬೆಂದ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದೆ. ಬರಲಿಲ್ಲ. ನಾರಿನಿಂದ ತಿಕ್ಕಿದೆ. ಬರಲಿಲ್ಲ. ಡಬ್ಬಿಯವರ ಮೇಲಿದ್ದ ನನ್ನ ಸಿಟ್ಟು ಆಗ ಅರ್ಧ ಇಳಿಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿ. ಸೀರೆಯ ತೆನೆ ಬಿಳಿ. ಡಬ್ಬಿಯಲ್ಲಿದ್ದ ಬಿಳಿಯನ್ನು ಹಚ್ಚಿ ನೋಡಿದರೆ ಸುಣ್ಣದ ಕಲೆಯಂತೆ ಕಂಡಿತು. ಹಾಗಾಗಿ ತೆನೆಗಳನ್ನು ಖಾಲಿ ಬಿಟ್ಟು, ಸುತ್ತ ಬಂಗಾರದ ಗೆರೆ ಎಳೆದು, ನಡುವಿನ ಜಾಗಕ್ಕಷ್ಟೇ ಕೆಂಪು ತುಂಬಿದ್ದೆ. ಮೇಲೆ ಸಾಲಾಗಿ ಹಸಿರು ಚಿಕ್ಕಿ. ಖಾಲಿ ಲೋಟ ಚೆನ್ನಾಗಿಯೇ ಕಾಣುತ್ತಿತ್ತು. ಕುಬಸದ ಹಿಂದಿನ ದಿನ ಪಾನಕ ಮಾಡಿ ಒಂದಕ್ಕೆ ಸುರಿದು ನೋಡಿದೆ. ನನ್ನ ಎದೆ ಧಸಕ್ಕೆಂದಿತು. ಈ ಬಣ್ಣಗಳು ಬೆಳಕು ಹಾಯುವ ಬಣ್ಣಗಳು, ಹಿಂದೆ ಏನಿದೆಯೋ ಅದು ಅವುಗಳೊಳಗೆ ಇಳಿಯುತ್ತದೆ. ಬೆಲ್ಲದ ಪಾನಕ ಹಿಂದೆ ನಿಂತ ಕೂಡಲೇ ಕೆಂಪು ಹಳೆಯ ಇಟ್ಟಿಗೆಯಾಯಿತು, ಹಸಿರು ಕಪ್ಪಾಯಿತು, ತೆನೆಗಳು ಮಣ್ಣಿನ ಬಣ್ಣದ ಗುಡ್ಡಗಳಾದವು. ಇಷ್ಟು ದಿನದ ಕೆಲಸ ಒಂದು ಲೋಟ ಪಾನಕದಲ್ಲಿ ಮುಳುಗಿಹೋಯಿತಲ್ಲ ಎಂದು ಮೊರದ ಮುಂದೆ ಕುಕ್ಕರಿಸಿಬಿಟ್ಟೆ.

ನಮ್ಮತ್ತೆ ಏನೂ ಹೇಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಕಡೆದಿಟ್ಟ ಮಜ್ಜಿಗೆಯ ಚರಿಗೆ ತಂದು, ಇನ್ನೊಂದು ಲೋಟಕ್ಕೆ ಹೊಯ್ದರು. ಮಜ್ಜಿಗೆ ತಳದಿಂದ ಏರುತ್ತಾ ಹೋದಂತೆ ಒಂದೊಂದು ತೆನೆಯೂ ಬುಡದಿಂದ ತುದಿಯವರೆಗೆ ಬೆಳ್ಳಗಾಗುತ್ತಾ ಎದ್ದಿತು. ಕೆಂಪು ಹಿಂದಿನಿಂದ ಬೆಳಗಿ ಕುಂಕುಮವಾಯಿತು. ಹಸಿರು ಚಿಕ್ಕಿಗಳು ಹೊಸ ಬಳೆಯಂತೆ ಮಿನುಗಿದವು. ಪಕ್ಕದಲ್ಲಿ ಮಡಿಸಿಟ್ಟಿದ್ದ ಸೀರೆಯ ಸೆರಗು, ಎದುರಿಗೆ ಲೋಟ. ಯಾವುದು ನೋಡಿ ಯಾವುದು ಮಾಡಿದ್ದು ಎಂದು ಕೇಳುವಂತಿತ್ತು. ಮರುದಿನದ ಪಾನಕ ಅಲ್ಲಿಗೇ ರದ್ದಾಯಿತು. ಶುಂಠಿ, ಕೊತ್ತಂಬರಿ, ಜೀರಿಗೆ ಹಾಕಿದ ಮಜ್ಜಿಗೆಯೇ ಆಗಲಿ ಎಂದರು ಎಲ್ಲರೂ. ಮಾಡಿದ್ದ ಪಾನಕವನ್ನು ಓಣಿಯ ಮಕ್ಕಳು ಸ್ಟೀಲಿನ ಲೋಟದಲ್ಲಿ ಕುಡಿದರು.

ಆದ್ದರಿಂದ ಈ ಬಗೆಯ ಬಣ್ಣ ಕೊಳ್ಳುವವರು ಮೊದಲು ಲೋಟದಲ್ಲಿ ಏನು ಕೊಡುತ್ತೀರಿ ಎಂದು ನಿಶ್ಚಯಿಸಿ, ಆಮೇಲೆ ಬಣ್ಣ ಆರಿಸಿ. ಹಾಲು, ಮಜ್ಜಿಗೆ, ಲಸ್ಸಿ, ಬಾದಾಮಿ ಹಾಲಿಗೆ ಎಲ್ಲ ಬಣ್ಣವೂ ನಡೆಯುತ್ತದೆ. ನಿಂಬೆ ಶರಬತ್ತಿಗೆ, ಬರಿಯ ನೀರಿಗೆ ಅಡ್ಡಿಯಿಲ್ಲ. ಪಾನಕಕ್ಕಾದರೆ ಬರಿಯ ಬಂಗಾರದ ಗೆರೆ ಸಾಕು, ಅದು ಬೆಳಕು ಬಿಡುವುದಿಲ್ಲವಾದ್ದರಿಂದ ಕೆಡುವುದಿಲ್ಲ. ಬಿಸಿ ಚಹಾ, ಬಿಸಿ ಹಾಲಿಗೆ ಈ ತೆಳು ಲೋಟ ಬೇಡ. ಅದು ಬಣ್ಣದ ತಪ್ಪಲ್ಲ, ಗಾಜಿನ ಗುಣ.

ಕುಬಸದ ದಿನ ಗಂಗಾವತಿಯ ಬೀಗತಿ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅವರು ಬಾಯಿಬಿಟ್ಟು ಹೊಗಳುವವರಲ್ಲ. ಕುಡಿದು ಮುಗಿಸಿ, "ಇನ್ನೊಂದು ಅರ್ಧ ಹಾಕಿರಿ, ಈ ತೆನೆ ಮತ್ತೆ ಮೇಲೇಳುವುದನ್ನು ನೋಡಬೇಕು" ಎಂದರು. ಹೋಗುವಾಗ ಆರು ಲೋಟ ಕಟ್ಟಿಸಿಕೊಂಡು ಹೋದರು. ಕೊಡುವುದೋ ಬೇಡವೋ ಎಂದು ನಾನು ಯೋಚಿಸುವ ಮೊದಲೇ ನಮ್ಮವರು ಕಾಗದ ಸುತ್ತಿಯಾಗಿತ್ತು.

ಎರಡು ತಿಂಗಳಾಯಿತು. ನನ್ನ ಬಳಿ ಉಳಿದ ಹದಿನೆಂಟರಲ್ಲಿ ಎರಡು ಒಡೆದವು. ಮೂರರಲ್ಲಿ ಒಂದೊಂದು ಕಡೆ ಬಣ್ಣ ಚಕ್ಕೆ ಎದ್ದಿದೆ. ಎದ್ದ ಜಾಗವನ್ನು ನೋಡಿದರೆ ಮೂರೂ ಕಡೆ ಹೆಬ್ಬೆರಳಿನಷ್ಟೇ ಅಗಲ. ಕೊನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಎಲ್ಲಿ ಹಿಡಿದೆನೋ ಅಲ್ಲಿಯೇ. ಉಳಿದವನ್ನು ದಿನವೂ ಬಳಸುತ್ತೇವೆ, ಮೆತ್ತನೆಯ ಸ್ಪಂಜಿನಿಂದ ತೊಳೆಯುತ್ತೇವೆ. ಮಗಳ ಜೋಳದ ಕಾಳಿನ ಲೋಟ ನೆಟ್ಟಗಿದೆ. ಮೊದಲ ದಿನದ ಕುತ್ತಿಗೆ ಇಲ್ಲದ ನವಿಲು ಈಗ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಾಬಿನ್‌ಗಳನ್ನು ಹೊತ್ತು ನಿಂತಿದೆ.

ಐದಕ್ಕೆ ಎಷ್ಟು ಎಂದರೆ ಬಣ್ಣಕ್ಕೆ ನಾಲ್ಕು, ಬಂಗಾರದ ಲೈನರ್‌ಗೆ ಐದು, ಕಪ್ಪಿಗೆ ಸೊನ್ನೆ, ಡಬ್ಬಿಯ ಬರಹಕ್ಕೆ ಒಂದು. ಅಂಗಡಿಯವರಿಗೆ ಎಷ್ಟು ಕೊಡಬೇಕೆಂದು ಯೋಚಿಸುತ್ತಿದ್ದೆ. ಮೊನ್ನೆ ಗುಂಡಿ ತರಲು ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ಬೇಯಿಸಬೇಕೆಂದು ತಮಗೂ ಗೊತ್ತಿರಲಿಲ್ಲ ಎಂದು ತಲೆ ಕೆರೆದುಕೊಂಡರು. ಕಪಾಟಿನಲ್ಲಿದ್ದ ಉಳಿದ ಡಬ್ಬಿಗಳ ಮೇಲೆ ಅಂಟಿಸಲು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ರಸೀದಿಯ ಹಿಂದೆ ಅಲ್ಲಿಯೇ ನಿಂತು ಬರೆದುಕೊಟ್ಟೆ. ಕೂಸಿನ ತೊಟ್ಟಿಲು ಕಾರ್ಯ ಹತ್ತಿರವಿದೆ, ಕೆಂಪು ಬಿಡಿ ಶೀಷೆ ಬಂದರೆ ಎರಡು ತೆಗೆದಿಡಿ ಎಂದೂ ಹೇಳಿ ಬಂದಿದ್ದೇನೆ.